ನೊಯ್ಯಲ್ ದಂಡೆಯಲ್ಲಿ ರೋಮಿನ ನೆನಪು

ಓಮಲೂರಿಗೆ ಹೋದವರು ತಾರಮಂಗಲದ ದೇವಾಲಯವನ್ನೂ ಮೆಟ್ಟೂರು ಅಣೆಕಟ್ಟನ್ನೂ ನೋಡಿ ಬರುವುದುಂಟು. ಕೈಯಲ್ಲಿ ಇನ್ನೊಂದು ದಿನವಿದ್ದರೆ ಕೊಡುಮಣಲಿಗೂ ಹೋಗಬೇಕು. ಸೇಲಂ, ಶಂಕಗಿರಿ, ಪೆರುಂದುರೈ ದಾಟಿ ಚೆನ್ನಿಮಲೈ ಸೇರಿದರೆ, ಅಲ್ಲಿಂದ ಪಶ್ಚಿಮಕ್ಕೆ ನೊಯ್ಯಲ್ ನದಿಯ ಉತ್ತರ ದಂಡೆಯಲ್ಲಿದೆ ಈ ಹಳ್ಳಿ.

ಕೋಟೆ ಕೊತ್ತಲಗಳನ್ನು ನಿರೀಕ್ಷಿಸಿ ಹೋದವರಿಗೆ ಇಲ್ಲಿ ನಿರಾಶೆಯಾದೀತು. ಪ್ರಾಚೀನ ಪಟ್ಟಣವಿರುವುದು ಹೊಲದ ಮಣ್ಣಿನಡಿಯಲ್ಲಿ. ಸುಮಾರು 2,000 ವರ್ಷಗಳ ಹಿಂದೆ ರೋಮಿನ ಹಡಗುಗಳು ಬರುತ್ತಿದ್ದ ಮುಚಿರಿ ಬಂದರಿಗೂ ಚೇರರ ಕರೂರಿಗೂ ನಡುವಣ ಹೆದ್ದಾರಿಯ ಊರಿದು. ತಂಜಾವೂರಿನ ತಮಿಳು ವಿಶ್ವವಿದ್ಯಾನಿಲಯ 1985ರಲ್ಲಿ ಇಲ್ಲಿ ಉತ್ಖನನ ಆರಂಭಿಸಿತು. ಹರಳು ಕೊರೆದು ಮಣಿ ಮಾಡುತ್ತಿದ್ದ ಕಮ್ಮಟಗಳು, ಕಬ್ಬಿಣದ ಕುಲುಮೆಗಳು, ನೂಲುವ ಕದಿರಿನ ಬಿಲ್ಲೆಗಳು, ತಮಿಳು ಬ್ರಾಹ್ಮಿಯಲ್ಲಿ ಹೆಸರು ಗೀಚಿದ ನೂರಾರು ಮಡಕೆಚೂರುಗಳು ದೊರೆತವು. ‘ಪದಿಟ್ರುಪ್ಪತ್ತು’ ಎಂಬ ಸಂಗಂ ಗ್ರಂಥದಲ್ಲೂ ಕೊಡುಮಣದ ಒಡವೆಗಳ ಪ್ರಸ್ತಾಪವಿದೆ.

ಇದು ರೋಮನ್ನರು ಕಟ್ಟಿದ ಊರಲ್ಲ. ಅವರ ಚಿನ್ನವನ್ನು ಸೆಳೆದ ಊರುಗಳಲ್ಲೊಂದು. ಭಾರತವು ವರ್ಷಕ್ಕೆ 5 ಕೋಟಿ ಸೆಸ್ಟರ್ಸ್ ನಾಣ್ಯವನ್ನು ಸೆಳೆದುಕೊಳ್ಳುತ್ತಿದೆಯೆಂದು ರೋಮಿನ ಪ್ಲಿನಿ ಗೊಣಗಿದ್ದಾನೆ. ಅವರು ಬಯಸಿದ ಬೆರಿಲ್ ಎಂಬ ಹಸಿರು ಹರಳು ಸಮೀಪದ ಪಡಿಯೂರಿನಲ್ಲಿ ಸಿಗುತ್ತಿತ್ತು. ಬೆರಿಲ್ ದೊರೆಯುವ ‘ಪುನ್ನಾಟ’ವೆಂದು ಟಾಲೆಮಿ ಹೆಸರಿಸಿದ್ದು ಕಬಿನಿ ದಂಡೆಯ ನಮ್ಮ ಪುನ್ನಾಡನ್ನೇ ಎಂಬುದು ವಿದ್ವಾಂಸರ ಅಭಿಪ್ರಾಯ. ಆಗ ಈ ಸೀಮೆಗಳಿಗೆ ಭಾಷೆಯ ಗಡಿ ಅಡ್ಡಬಂದಿರಲಿಲ್ಲ.

ಇಂದಿಗೂ ಈ ನದಿಯ ದಂಡೆಯಿಂದಲೇ ಜಗತ್ತಿಗೆ ಸರಕು ಹೋಗುತ್ತದೆ. ಮೇಲ್ದಂಡೆಯ ತಿರುಪ್ಪೂರಿನ ಬನಿಯನ್ನುಗಳು ಯುರೋಪಿನ ಅಂಗಡಿಗಳನ್ನು ಸೇರುತ್ತವೆ. ಆದರೆ ಬಣ್ಣದ ಕಾರ್ಖಾನೆಗಳ ಕೊಳೆನೀರು ಇಳಿದು ಬಂದದ್ದು ಇತ್ತ. ಕೊಡುಮಣಲಿನ ಬಳಿ 1992ರಲ್ಲಿ ಮುಗಿದ ಒರತ್ತುಪಾಳಯಂ ಅಣೆಕಟ್ಟು ಬೇಸಾಯಕ್ಕೆಂದು ಕಟ್ಟಿದ್ದು; ಅದರಲ್ಲಿ ತುಂಬಿದ್ದು ಬಣ್ಣದ ವಿಷ. ಹೊಲ, ಬಾವಿಗಳು ಕೆಟ್ಟವು. 2011ರಲ್ಲಿ ಮದ್ರಾಸ್ ಹೈಕೋರ್ಟು ಬಣ್ಣದ ಘಟಕಗಳನ್ನು ಮುಚ್ಚಿಸಬೇಕಾಯಿತು.

ಪ್ರಾಚೀನರ ವ್ಯಾಪಾರದಿಂದ ನಮಗೆ ಮಣಿಗಳು ಉಳಿದವು. ನಮ್ಮ ವ್ಯಾಪಾರದಿಂದ ಮುಂದಿನವರಿಗೆ ಉಳಿಯುವುದೇನು? ಕೀಳಡಿಯಲ್ಲಿ 2023ರಲ್ಲಿ ವಸ್ತುಸಂಗ್ರಹಾಲಯ ತೆರೆಯಿತು. ಕೊಡುಮಣಲಿಗೂ ಅಂಥ ಆಸರೆ ಬೇಕು. ನೆಲವನ್ನೂ ನದಿಯನ್ನೂ ಒಟ್ಟಿಗೇ ಕಾಪಾಡಬೇಕು. ಪ್ರವಾಸ ಹೊರಡುವ ನಮ್ಮ ಶಾಲೆಗಳು ಅರಮನೆ, ಉದ್ಯಾನಗಳ ಪಟ್ಟಿಯಲ್ಲಿ ಈ ಬರಿಯ ಹೊಲವನ್ನೂ ಸೇರಿಸಿಕೊಳ್ಳಲಿ. ಚರಿತ್ರೆ ಕೇವಲ ರಾಜರದಲ್ಲ, ಮಣಿ ಕೊರೆದವರದೂ ಹೌದೆಂದು ಮಕ್ಕಳಿಗೆ ಅಲ್ಲಿ ತಿಳಿಯುತ್ತದೆ.