ಉದ್ಯಾನ ನಡೆಸುವುದೂ ಒಂದು ವಿದ್ಯೆ: ವಿದ್ಯಾರ್ಥಿವೇತನದ ಪಟ್ಟಿಗೆ ಈ ವರ್ಷ ಸೇರಿದ ಹೊಸ ವಿಷಯ



ನಮ್ಮ ವಿದ್ಯಾರ್ಥಿವೇತನ ಸಮಿತಿಗೆ ಬರುವ ಅರ್ಜಿಗಳಲ್ಲಿ ಹೆಚ್ಚಿನವು ಎಂಜಿನಿಯರಿಂಗ್, ನರ್ಸಿಂಗ್, ಫಾರ್ಮಸಿ, ಬಿ.ಕಾಂ. ಮತ್ತು ಬಿ.ಎಡ್. ಓದುವ ಮಕ್ಕಳವು. ಕಳೆದ ವರ್ಷ ಬಂದ ಒಂದು ಅರ್ಜಿ ಇವುಗಳಲ್ಲಿ ಯಾವುದಕ್ಕೂ ಸೇರುವಂತಿರಲಿಲ್ಲ. ಎಂ.ಎಸ್.ಡಬ್ಲ್ಯು. ಮುಗಿಸಿದ್ದ ವಿದ್ಯಾರ್ಥಿನಿಯೊಬ್ಬರು ಉದ್ಯಾನ, ಆಟದ ಮೈದಾನಗಳನ್ನು ನಡೆಸುವ ಸೇವಾ ಸಂಸ್ಥೆಗಳ ನಾಯಕತ್ವದ ಬಗ್ಗೆ ಅಮೆರಿಕದಲ್ಲಿ ಪಿಎಚ್.ಡಿ. ಮಾಡಿ, ಮುಂದೆ ಅದನ್ನೇ ಕಲಿಸುವ ಪ್ರಾಧ್ಯಾಪಕಿಯಾಗಬೇಕು ಎಂದು ಬರೆದಿದ್ದರು. ಪ್ರವೇಶ ಪರೀಕ್ಷೆ, ಅರ್ಜಿ ಶುಲ್ಕ ಮತ್ತು ಪ್ರಯಾಣದ ಖರ್ಚಿಗೆ ನೆರವು ಕೇಳಿದ್ದರು.

ಸಮಿತಿಯಲ್ಲಿ ಕೆಲವರು ನಕ್ಕೆವು. "ಪಾರ್ಕ್ ನೋಡಿಕೊಳ್ಳಲು ಡಾಕ್ಟರೇಟ್ ಬೇಕೆ?" ಎಂಬ ಮಾತು ಬಂತು. ಅರ್ಜಿಯನ್ನು ಬದಿಗಿಟ್ಟೆವು. ಕೆಲವು ವಾರಗಳ ನಂತರ ಅವರ ತಂದೆ ನಮ್ಮ ಕಚೇರಿಗೆ ಬಂದರು. ಗ್ಯಾರೇಜಿನಲ್ಲಿ ಕೆಲಸ ಮಾಡುವವರು. ಜಗಳವಾಡಲಿಲ್ಲ. "ಸಾಹೇಬ್ರೆ, ನಮ್ಮ ಬೀದಿಯ ಪಾರ್ಕಿಗೆ ಮೂರು ಸಲ ದುಡ್ಡು ಕೂಡಿಸಿದ್ವಿ. ಮೂರು ಸಲವೂ ವರ್ಷ ತುಂಬುವುದರೊಳಗೆ ಗೇಟಿಗೆ ಬೀಗ ಬಿತ್ತು. ಯಾಕೆ ಹಾಗಾಯ್ತು ಅಂತ ಕಲಿಯೋದು ವಿದ್ಯೆ ಅಲ್ವಾ?" ಎಂದು ಕೇಳಿದರು. ನಮ್ಮಲ್ಲಿ ಯಾರ ಬಳಿಯೂ ಉತ್ತರವಿರಲಿಲ್ಲ.

ಆ ಪ್ರಶ್ನೆಯನ್ನು ಹಿಡಿದು ಈ ವಿಷಯದ ಬಗ್ಗೆ ವಿಚಾರಿಸಿ, ಓದಿ ತಿಳಿದುಕೊಂಡದ್ದನ್ನು ಇಲ್ಲಿ ನಿಮ್ಮ ಮುಂದಿಡುತ್ತಿದ್ದೇವೆ. ನಿಮ್ಮ ಹಣ ಯಾವುದಕ್ಕೆ ಹೋಗುತ್ತದೆ ಎಂದು ತಿಳಿಯುವುದು ದಾನಿಗಳ ಹಕ್ಕು. ಮಕ್ಕಳು ಹೊಸ ವಿಷಯ ಆರಿಸಿಕೊಂಡಾಗ ಹೆದರದೆ ವಿಚಾರಿಸಲು ಇದು ಪೋಷಕರಿಗೂ ನೆರವಾದೀತು.

ಮೊದಲು ದಾನಿಗಳು, ಆಮೇಲೆ ನಗರಾಡಳಿತ

ಮಕ್ಕಳಿಗೆ ಆಟದ ಜಾಗ ಒದಗಿಸುವುದು ಸರ್ಕಾರದ ಕೆಲಸ ಎಂದು ಈಗ ಎಲ್ಲರೂ ಭಾವಿಸುತ್ತೇವೆ. ಅಮೆರಿಕದಲ್ಲಿ ಆಟದ ಮೈದಾನಗಳ ಚಳವಳಿ ಆರಂಭವಾದದ್ದು ಮಾತ್ರ ಸೇವಾ ಸಂಸ್ಥೆಗಳಿಂದ. 1885ರಲ್ಲಿ ಬಾಸ್ಟನ್ ನಗರದಲ್ಲಿ ಬಡ ಮಕ್ಕಳು ಆಡಲೆಂದು ಮರಳಿನ ಗುಡ್ಡೆಗಳನ್ನು ಹಾಕಿಸಿದರು. ಅದರ ಹಿಂದೆ ಇದ್ದವರು ದಾನಿಗಳು ಮತ್ತು ಮಹಿಳಾ ಸೇವಾಕರ್ತೆಯರು. 1889ರಲ್ಲಿ ಜೇನ್ ಆ್ಯಡಮ್ಸ್ ಮತ್ತು ಎಲೆನ್ ಗೇಟ್ಸ್ ಸ್ಟಾರ್ ಶಿಕಾಗೊದ ವಲಸಿಗರ ಕೇರಿಯಲ್ಲಿ ಹಲ್ ಹೌಸ್ ಎಂಬ ಸೇವಾಕೇಂದ್ರ ತೆರೆದರು. ಕೆಲವೇ ವರ್ಷಗಳಲ್ಲಿ ಅದರ ಪಕ್ಕದಲ್ಲಿ ಮಕ್ಕಳಿಗೆ ಆಟದ ಮೈದಾನವೂ ಆಯಿತು. ಜೇನ್ ಆ್ಯಡಮ್ಸ್ ಅವರಿಗೆ 1931ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಬಂತು.

1906ರಲ್ಲಿ ಇಂಥವರೆಲ್ಲ ಸೇರಿ ಆಟದ ಮೈದಾನಗಳಿಗಾಗಿ ರಾಷ್ಟ್ರೀಯ ಸಂಘವೊಂದನ್ನು ಕಟ್ಟಿದರು. ಕ್ರಮೇಣ ನಗರಾಡಳಿತಗಳು ಈ ಕೆಲಸವನ್ನು ವಹಿಸಿಕೊಂಡವು. ಇಲಾಖೆಗಳು ಹುಟ್ಟಿದವು, ನೌಕರರಿಗೆ ತರಬೇತಿ ಬೇಕಾಯಿತು, ವಿಶ್ವವಿದ್ಯಾಲಯಗಳಲ್ಲಿ ಉದ್ಯಾನ ಮತ್ತು ವಿಹಾರ ನಿರ್ವಹಣೆಯ ವಿಭಾಗಗಳು ತೆರೆದವು. ಹೀಗೆ ದಾನದಿಂದ ಶುರುವಾದದ್ದು ಇಲಾಖೆಯಾಯಿತು, ಇಲಾಖೆಯಿಂದ ಒಂದು ಓದಿನ ವಿಷಯವೂ ಆಯಿತು.

ಸೆಂಟ್ರಲ್ ಪಾರ್ಕ್ ಹಾಳಾದದ್ದು, ಉಳಿದದ್ದು

ಸೇವಾ ಸಂಸ್ಥೆಗಳು ಈ ಕ್ಷೇತ್ರಕ್ಕೆ ದೊಡ್ಡ ಪ್ರಮಾಣದಲ್ಲಿ ಮರಳಿದ್ದು ಹೇಗೆ ಎಂಬುದಕ್ಕೆ ನ್ಯೂಯಾರ್ಕ್‌ನ ಸೆಂಟ್ರಲ್ ಪಾರ್ಕ್ ಒಳ್ಳೆಯ ಉದಾಹರಣೆ. 843 ಎಕರೆಯ ಈ ಉದ್ಯಾನದ ನಕ್ಷೆಯನ್ನು 1858ರಲ್ಲಿ ಫ್ರೆಡರಿಕ್ ಲಾ ಓಲ್ಮ್‌ಸ್ಟೆಡ್ ಮತ್ತು ಕ್ಯಾಲ್ವರ್ಟ್ ವಾಕ್ಸ್ ಸಿದ್ಧಪಡಿಸಿದರು. 1970ರ ದಶಕದಲ್ಲಿ ನ್ಯೂಯಾರ್ಕ್ ನಗರಾಡಳಿತ ದಿವಾಳಿಯ ಅಂಚಿಗೆ ಬಂತು. ಉದ್ಯಾನದ ಹುಲ್ಲು ಮಣ್ಣಾಯಿತು, ಬೆಂಚುಗಳು ಮುರಿದವು, ಕತ್ತಲಾದ ಮೇಲೆ ಅಲ್ಲಿಗೆ ಹೋಗಲು ಜನ ಹೆದರುವಂತಾಯಿತು.

1979ರಲ್ಲಿ ಎಲಿಜಬೆತ್ ಬಾರ್ಲೊ ರಾಜರ್ಸ್ ಅವರನ್ನು ಉದ್ಯಾನದ ಆಡಳಿತಾಧಿಕಾರಿಯಾಗಿ ನೇಮಿಸಲಾಯಿತು. ಮರುವರ್ಷ, 1980ರಲ್ಲಿ, ಸೆಂಟ್ರಲ್ ಪಾರ್ಕ್ ಕನ್ಸರ್ವೆನ್ಸಿ ಎಂಬ ಲಾಭರಹಿತ ಸಂಸ್ಥೆ ಸ್ಥಾಪನೆಯಾಯಿತು. ಜಾಗ ನಗರದ್ದಾಗಿಯೇ ಉಳಿಯಿತು. ದಾನ ಸಂಗ್ರಹಿಸುವುದು, ಸ್ವಯಂಸೇವಕರನ್ನು ಕೂಡಿಸುವುದು, ದುರಸ್ತಿ ಮಾಡಿಸುವುದು ಕನ್ಸರ್ವೆನ್ಸಿಯ ಪಾಲಿಗೆ ಬಂತು. 1998ರಲ್ಲಿ ನಗರವು ಸಂಸ್ಥೆಯೊಂದಿಗೆ ನಿರ್ವಹಣೆಯ ಲಿಖಿತ ಒಪ್ಪಂದವನ್ನೇ ಮಾಡಿಕೊಂಡಿತು.

ಇದರಲ್ಲಿ ಗಮನಿಸಬೇಕಾದ ಎರಡು ಅಂಶಗಳಿವೆ. ಮೊದಲನೆಯದು ಹೊಣೆಗಾರಿಕೆ. ಉದ್ಯಾನವನ್ನು ವಲಯಗಳಾಗಿ ವಿಂಗಡಿಸಿ, ಪ್ರತಿ ವಲಯಕ್ಕೂ ಜವಾಬ್ದಾರ ತೋಟಗಾರರೊಬ್ಬರನ್ನು ಇಟ್ಟರು. ಹುಲ್ಲು ಒಣಗಿದರೆ ಯಾರನ್ನು ಕೇಳಬೇಕು ಎಂಬುದು ಎಲ್ಲರಿಗೂ ಗೊತ್ತಿತ್ತು. ಎರಡನೆಯದು ಮೂಲನಿಧಿ. ದಾನದ ಒಂದು ಭಾಗವನ್ನು ಖರ್ಚು ಮಾಡದೆ ತೊಡಗಿಸಿ, ಅದರ ಆದಾಯದಿಂದ ನಿತ್ಯದ ಕೆಲಸಕ್ಕೆ ನೆರವು ಪಡೆದರು. ನಮ್ಮ ಓದುಗರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಮೂಲ ಆಸ್ತಿಯನ್ನು ಮುಟ್ಟದೆ ಫಲವನ್ನು ಮಾತ್ರ ಬಳಸುವ ವಕ್ಫ್‌ನ ಕ್ರಮಕ್ಕೆ ಇದು ಬಹಳ ಹತ್ತಿರ. ಆ ತಂದೆಯ ಬೀದಿಯ ಪಾರ್ಕಿನಲ್ಲಿ ಇರದಿದ್ದದ್ದು ಇವೆರಡೇ. ಮೂರು ಸಲವೂ ಗೇಟು, ಜೋಕಾಲಿ, ಬಣ್ಣಕ್ಕೆ ದುಡ್ಡು ಬಂತು. ಮರುವರ್ಷ ನೀರು ಹಾಕುವವರ ಸಂಬಳಕ್ಕೆ ಯಾರೂ ಲೆಕ್ಕ ಹಾಕಿರಲಿಲ್ಲ.

ಒಳ್ಳೆಯ ಕೆಲಸದಲ್ಲೂ ಎಡವಬಹುದು

ಸೆಂಟ್ರಲ್ ಪಾರ್ಕ್‌ನ ಕಥೆಗೆ ಇನ್ನೊಂದು ಮುಖವಿದೆ. 2012ರಲ್ಲಿ ಉದ್ಯಮಿ ಜಾನ್ ಪಾಲ್ಸನ್ ಕನ್ಸರ್ವೆನ್ಸಿಗೆ 10 ಕೋಟಿ ಡಾಲರ್ ದಾನ ಘೋಷಿಸಿದರು. ಹೊಗಳಿಕೆಯ ಜೊತೆಗೆ ಒಂದು ಪ್ರಶ್ನೆಯೂ ಎದ್ದಿತು: ಸಿರಿವಂತರ ಮನೆಗಳ ಎದುರಿನ ಉದ್ಯಾನಕ್ಕೆ ಇಷ್ಟು ಹಣ ಬಂದರೆ, ಬಡವರ ಬಡಾವಣೆಗಳ ಸಣ್ಣ ಉದ್ಯಾನಗಳನ್ನು ನೋಡುವವರಾರು? 2014ರಲ್ಲಿ ನಗರಾಡಳಿತ ಹಿಂದುಳಿದ ಪ್ರದೇಶಗಳ ಉದ್ಯಾನಗಳಿಗಾಗಿಯೇ ಪ್ರತ್ಯೇಕ ಯೋಜನೆ ಆರಂಭಿಸಿತು. ದಾನ ಎಲ್ಲಿ ಸೇರುತ್ತದೆ, ಎಲ್ಲಿ ಸೇರುವುದಿಲ್ಲ ಎಂಬುದು ಈ ಕ್ಷೇತ್ರದ ಸಂಶೋಧಕರ ಮುಖ್ಯ ಪ್ರಶ್ನೆಗಳಲ್ಲಿ ಒಂದು. ನಮ್ಮಂಥ ಟ್ರಸ್ಟ್‌ಗಳೂ ಕೇಳಿಕೊಳ್ಳಬೇಕಾದ ಪ್ರಶ್ನೆ ಅದು.

ಇದೆಲ್ಲ ದೂರದ ದೇಶದ ಮಾತು ಎನ್ನುವವರು ನಮ್ಮ ಬೆಂಗಳೂರಿನದೇ ಒಂದು ಮೊಕದ್ದಮೆಯನ್ನು ನೆನಪಿಸಿಕೊಳ್ಳಬಹುದು. ಬಡಾವಣೆಯೊಂದರ ನಕ್ಷೆಯಲ್ಲಿ ಉದ್ಯಾನಕ್ಕೆಂದು ಮೀಸಲಿಟ್ಟ ಜಾಗವನ್ನು ಆಸ್ಪತ್ರೆ ಕಟ್ಟಲು ಒಂದು ಟ್ರಸ್ಟ್‌ಗೆ ಹಂಚಿಕೆ ಮಾಡಲಾಗಿತ್ತು. ನಿವಾಸಿಗಳು ನ್ಯಾಯಾಲಯಕ್ಕೆ ಹೋದರು. ಬೆಂಗಳೂರು ಮೆಡಿಕಲ್ ಟ್ರಸ್ಟ್ ಪ್ರಕರಣವೆಂದೇ ಹೆಸರಾದ ಇದರಲ್ಲಿ 1991ರಲ್ಲಿ ಸುಪ್ರೀಂ ಕೋರ್ಟ್ ನಿವಾಸಿಗಳ ಪರ ತೀರ್ಪು ನೀಡಿತು. ಆಸ್ಪತ್ರೆ ಒಳ್ಳೆಯದೇ, ಆದರೆ ಉದ್ಯಾನಕ್ಕೆ ಮೀಸಲಾದ ಜಾಗವನ್ನು ಅದಕ್ಕೆ ಕೊಡುವಂತಿಲ್ಲ ಎಂಬುದು ಅದರ ಸಾರ. ಉದ್ಯಾನ, ಆಟದ ಮೈದಾನ ಮತ್ತು ಬಯಲು ಜಾಗಗಳ ಸಂರಕ್ಷಣೆಗೆ ಕರ್ನಾಟಕದಲ್ಲಿ 1985ರ ಪ್ರತ್ಯೇಕ ಕಾಯ್ದೆಯೂ ಇದೆ. ಸದುದ್ದೇಶವಿದ್ದರೆ ಸಾಲದು, ಕಾನೂನು, ಲೆಕ್ಕ, ಜನರ ಅಗತ್ಯ ಇವನ್ನೆಲ್ಲ ಬಲ್ಲವರು ಸಂಸ್ಥೆ ನಡೆಸಬೇಕು.

ಹಾಗಾದರೆ ಏನು ಓದುತ್ತಾರೆ?

ಸೇವಾ ಸಂಸ್ಥೆಗಳ ನಾಯಕತ್ವವನ್ನು ಕಾಲೇಜಿನಲ್ಲಿ ಕಲಿಸುವ ಒಂದು ಹಳೆಯ ಪ್ರಯತ್ನ 1948ರದು. ಸ್ಕೌಟ್ ಸಂಸ್ಥೆಯಲ್ಲಿ ದುಡಿದಿದ್ದ ಎಚ್. ರೋ ಬಾರ್ಟಲ್ ಆ ವರ್ಷ ಕಾನ್ಸಾಸ್ ಸಿಟಿಯಲ್ಲಿ ಅಮೆರಿಕನ್ ಹ್ಯುಮ್ಯಾನಿಕ್ಸ್ ಎಂಬ ಸಂಸ್ಥೆ ಸ್ಥಾಪಿಸಿದರು. ಯುವಜನರ ಸಂಸ್ಥೆಗಳಿಗೆ ತರಬೇತಾದ ಕಾರ್ಯನಿರ್ವಾಹಕರನ್ನು ಸಿದ್ಧಪಡಿಸುವುದು ಅದರ ಉದ್ದೇಶ. ಈಗ ಅದರ ಹೆಸರು ನಾನ್‌ಪ್ರಾಫಿಟ್ ಲೀಡರ್‌ಶಿಪ್ ಅಲಯನ್ಸ್. ಅರಿಜೋನ ಸ್ಟೇಟ್ ವಿಶ್ವವಿದ್ಯಾಲಯದಂಥ ಕಡೆ ಉದ್ಯಾನ ನಿರ್ವಹಣೆ ಮತ್ತು ಸೇವಾ ಸಂಸ್ಥೆಗಳ ನಾಯಕತ್ವ ಎರಡೂ ಒಂದೇ ಸೂರಿನಡಿ ಬೆಳೆದವು.

ಪಠ್ಯದಲ್ಲಿ ಇರುವ ವಿಷಯಗಳು ನಮಗೂ ಪರಿಚಿತವೇ: ಆಡಳಿತ ಮಂಡಳಿಯ ಕರ್ತವ್ಯ, ಬಜೆಟ್, ದಾನ ಸಂಗ್ರಹ, ಸ್ವಯಂಸೇವಕರ ನಿರ್ವಹಣೆ, ಮಕ್ಕಳ ಸುರಕ್ಷತೆ, ಕಾರ್ಯಕ್ರಮದಿಂದ ನಿಜವಾಗಿ ಪ್ರಯೋಜನವಾಯಿತೇ ಎಂದು ಅಳೆಯುವ ಕ್ರಮ. ನಾವು 80ಜಿ ರಸೀದಿ ಕೊಡುವಂತೆ, ಅಲ್ಲಿನ ಸಂಸ್ಥೆಗಳಿಗೆ ತೆರಿಗೆ ಕಾನೂನಿನ 501(ಸಿ)(3) ವಿಧಿಯಡಿ ಮಾನ್ಯತೆ ಇರುತ್ತದೆ. ಅವುಗಳಲ್ಲಿ ಹೆಚ್ಚಿನವು ಪ್ರತಿವರ್ಷ ಸಲ್ಲಿಸುವ 990 ಎಂಬ ಲೆಕ್ಕಪತ್ರವನ್ನು ಯಾರು ಬೇಕಾದರೂ ನೋಡಬಹುದು. ಅದನ್ನು ಓದಿ ಅರ್ಥಮಾಡಿಕೊಳ್ಳುವುದೂ ತರಗತಿಯ ಅಭ್ಯಾಸ.

ದಾನದ ಅಧ್ಯಯನಕ್ಕೆಂದೇ ಸ್ಥಾಪನೆಯಾದ ಜಗತ್ತಿನ ಮೊದಲ ಶಾಲೆ 2012ರಲ್ಲಿ ಇಂಡಿಯಾನಾ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡಿತು. ಲಿಲ್ಲಿ ಫ್ಯಾಮಿಲಿ ಸ್ಕೂಲ್ ಆಫ್ ಫಿಲಾಂತ್ರಪಿ ಎಂಬ ಈ ಶಾಲೆಯಲ್ಲಿ ಮುಸ್ಲಿಮರ ದಾನ ಪರಂಪರೆಯ ಅಧ್ಯಯನಕ್ಕೂ ಪ್ರತ್ಯೇಕ ಕಾರ್ಯಕ್ರಮವಿದೆ.

ಪ್ರಾಧ್ಯಾಪಕರಾಗುವ ದಾರಿ

ದಾರಿ ಉದ್ದವಿದೆ. ಸ್ನಾತಕೋತ್ತರ ಪದವಿಗೆ ಸುಮಾರು ಎರಡು ವರ್ಷ, ಪಿಎಚ್.ಡಿ.ಗೆ ಸಾಮಾನ್ಯವಾಗಿ ನಾಲ್ಕೈದು ವರ್ಷ. ಪಿಎಚ್.ಡಿ. ವಿದ್ಯಾರ್ಥಿಗಳಿಗೆ ಅಸಿಸ್ಟೆಂಟ್‌ಶಿಪ್ ಸಿಕ್ಕರೆ ವಾರಕ್ಕೆ 20 ಗಂಟೆಯವರೆಗೆ ಪಾಠ ಅಥವಾ ಸಂಶೋಧನೆಯಲ್ಲಿ ಪ್ರಾಧ್ಯಾಪಕರಿಗೆ ನೆರವಾಗಬೇಕು. ಅದಕ್ಕೆ ಪ್ರತಿಯಾಗಿ ಬೋಧನಾ ಶುಲ್ಕದಲ್ಲಿ ವಿನಾಯಿತಿ ಮತ್ತು ತಿಂಗಳ ಭತ್ಯೆ ದೊರೆಯುತ್ತದೆ. ಆದ್ದರಿಂದ ಸ್ನಾತಕೋತ್ತರ ಪದವಿಗೆ ದೊಡ್ಡ ಸಾಲ ಮಾಡಿ ಹೋಗುವುದಕ್ಕಿಂತ, ಇಲ್ಲಿ ಎಂ.ಎಸ್.ಡಬ್ಲ್ಯು. ಮುಗಿಸಿ, ಕೆಲಸದ ಅನುಭವ ಪಡೆದು, ನೆರವಿನ ಭರವಸೆ ಇರುವ ಪಿಎಚ್.ಡಿ.ಗೆ ಹೋಗುವುದು ಎಷ್ಟೋ ಕುಟುಂಬಗಳಿಗೆ ಸುರಕ್ಷಿತ.

ಪಿಎಚ್.ಡಿ. ನಂತರ ಅಸಿಸ್ಟೆಂಟ್ ಪ್ರೊಫೆಸರ್ ಹುದ್ದೆ. ಸಾಮಾನ್ಯವಾಗಿ ಆರನೇ ವರ್ಷದ ಹೊತ್ತಿಗೆ ಸಂಶೋಧನೆ, ಬೋಧನೆ, ಸೇವೆ ಮೂರನ್ನೂ ಪರಿಶೀಲಿಸಿ ಕಾಯಂ ಮಾಡುತ್ತಾರೆ. ಇದನ್ನು ಅಲ್ಲಿ ಟೆನ್ಯೂರ್ ಎನ್ನುತ್ತಾರೆ. ಅದು ಸಿಗದಿದ್ದರೆ ಬೇರೆ ಕಡೆ ನೋಡಿಕೊಳ್ಳಬೇಕು. ಇಂಥ ಕಾಯಂ ಹುದ್ದೆಗಳು ಕಡಿಮೆ, ಸ್ಪರ್ಧೆ ಹೆಚ್ಚು, ವೀಸಾ ನಿಯಮಗಳೂ ಆಗಾಗ ಬದಲಾಗುತ್ತವೆ. ಪೋಷಕರು ಇದನ್ನು ಮೊದಲೇ ತಿಳಿದಿರಬೇಕು. ಒಂದು ಸಮಾಧಾನವೂ ಇದೆ. ಪ್ರಾಧ್ಯಾಪಕ ಹುದ್ದೆ ಸಿಗದಿದ್ದರೂ ಈ ಓದು ವ್ಯರ್ಥವಾಗುವುದಿಲ್ಲ. ಸೇವಾ ಸಂಸ್ಥೆ, ಪ್ರತಿಷ್ಠಾನ, ನಗರಾಡಳಿತಗಳಲ್ಲಿ ಅದಕ್ಕೆ ಬೆಲೆಯಿದೆ.

ವಿದೇಶಕ್ಕೆ ಹೋಗಲೇಬೇಕೆಂದೂ ಇಲ್ಲ. ಮುಂಬೈನ ಟಾಟಾ ಸಮಾಜ ವಿಜ್ಞಾನ ಸಂಸ್ಥೆ, ಬೆಂಗಳೂರಿನ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯ, 1979ರಲ್ಲಿ ಗುಜರಾತಿನ ಆನಂದ್‌ನಲ್ಲಿ ಸ್ಥಾಪನೆಯಾದ ಗ್ರಾಮೀಣ ನಿರ್ವಹಣಾ ಸಂಸ್ಥೆ ಇರ್ಮಾ, ಇಲ್ಲೆಲ್ಲ ಸಮಾಜಕಾರ್ಯ, ಅಭಿವೃದ್ಧಿ ಅಥವಾ ಗ್ರಾಮೀಣ ನಿರ್ವಹಣೆಯ ಓದಿಗೆ ಅವಕಾಶವಿದೆ. ಸಮಾಜಕಾರ್ಯದಲ್ಲಿ ಯುಜಿಸಿ ನೆಟ್ ಪಾಸಾದವರು ಇಲ್ಲಿಯೇ ಅಧ್ಯಾಪಕರಾಗಲು ಅರ್ಜಿ ಹಾಕಬಹುದು.

ಅರ್ಜಿದಾರರ ಗಮನಕ್ಕೆ

ಈ ವರ್ಷದಿಂದ ಸೇವಾ ಸಂಸ್ಥೆಗಳ ನಿರ್ವಹಣೆ, ಉದ್ಯಾನ ಮತ್ತು ಕ್ರೀಡಾ ಸೌಲಭ್ಯಗಳ ಆಡಳಿತ, ಸಮುದಾಯ ಅಭಿವೃದ್ಧಿ ಈ ವಿಷಯಗಳೂ ನಮ್ಮ ವಿದ್ಯಾರ್ಥಿವೇತನಕ್ಕೆ ಅರ್ಹ. ಅರ್ಜಿಯ ಜೊತೆ ಅಂಕಪಟ್ಟಿ, ಆದಾಯ ಪ್ರಮಾಣಪತ್ರ ಮತ್ತು ನಿಮ್ಮ ಊರಿನ ಒಂದು ಸಾರ್ವಜನಿಕ ಜಾಗದ ಬಗ್ಗೆ ಎರಡು ಪುಟದ ಬರಹ ಲಗತ್ತಿಸಿ. ಅದು ಯಾರ ಸುಪರ್ದಿಯಲ್ಲಿದೆ, ಯಾರು ಬಳಸುತ್ತಾರೆ, ಯಾರು ಬರುವುದಿಲ್ಲ, ಖರ್ಚು ಎಲ್ಲಿಂದ ಬರುತ್ತದೆ ಎಂದು ವಿಚಾರಿಸಿ ಬರೆಯಿರಿ. ಹೆಣ್ಣುಮಕ್ಕಳು ಮತ್ತು ಅಂಗವಿಕಲರಿಗೆ ಅಲ್ಲಿ ಹೋಗಿಬರಲು ಆಗುತ್ತದೆಯೇ ಎಂಬುದನ್ನೂ ಗಮನಿಸಿ. ವಿದೇಶದ ಪಿಎಚ್.ಡಿ.ಗೆ ಕೇಳುವವರು ಆ ವಿಭಾಗದಲ್ಲಿ ಅಸಿಸ್ಟೆಂಟ್‌ಶಿಪ್ ಇದೆಯೇ ಎಂದು ಬರೆದು ಕೇಳಿ, ಬಂದ ಉತ್ತರದ ಪ್ರತಿಯನ್ನೂ ಇಡಬೇಕು. ಕೊನೆಯ ದಿನಾಂಕ ಪ್ರಕಟಣೆಯ ಪುಟದಲ್ಲಿದೆ.

ದಾನಿಗಳಲ್ಲಿ ಒಂದು ವಿನಂತಿ. ಕಟ್ಟಡಕ್ಕೆ, ಬೋರ್‌ವೆಲ್‌ಗೆ, ಕಂಪ್ಯೂಟರ್‌ಗೆ ನೀವು ಉದಾರವಾಗಿ ಕೊಟ್ಟಿದ್ದೀರಿ. ಅವನ್ನು ನಡೆಸಿಕೊಂಡು ಹೋಗುವ ಮನುಷ್ಯರನ್ನು ತಯಾರು ಮಾಡಲು ಕೊಡುವ ಹಣ ಕಣ್ಣಿಗೆ ಕಾಣುವುದಿಲ್ಲ, ಅದರ ಮೇಲೆ ಹೆಸರು ಬರೆಸಲೂ ಆಗುವುದಿಲ್ಲ. ಆದರೂ ಮೊದಲ ಮೂರು ಉಳಿಯಬೇಕಾದರೆ ಇದು ಬೇಕು.

ಆ ವಿದ್ಯಾರ್ಥಿನಿಯ ಅರ್ಜಿಯನ್ನು ಸಮಿತಿ ಮತ್ತೆ ತೆರೆದು, ಪರೀಕ್ಷೆ ಮತ್ತು ಅರ್ಜಿ ಶುಲ್ಕದ ಮೊತ್ತವನ್ನು ಮಂಜೂರು ಮಾಡಿದೆ. ಪ್ರವೇಶ ದೊರೆತರೆ ಪ್ರಯಾಣದ ಖರ್ಚನ್ನೂ ಇನ್‌ಶಾ ಅಲ್ಲಾಹ್ ನೀಡುತ್ತೇವೆ. ಒಂದು ವರ್ಷ ತಡಮಾಡಿದ್ದಕ್ಕೆ ಆ ಕುಟುಂಬದ ಕ್ಷಮೆಯನ್ನು ಇಲ್ಲಿ ಕೇಳುತ್ತೇವೆ. ಅವರ ಬೀದಿಯ ಪಾರ್ಕಿನ ಗೇಟಿಗೆ ಈ ವರದಿ ಅಚ್ಚಿಗೆ ಹೋಗುವ ಹೊತ್ತಿಗೂ ಬೀಗ ಇದೆ. ಅಲ್ಲಿನ ಲೆಕ್ಕಪತ್ರಗಳನ್ನು ಕೂಡಿಸಿ ಬರೆಯುವ ಕೆಲಸವನ್ನು ಅವರು ಈಗಾಗಲೇ ಶುರುಮಾಡಿದ್ದಾರೆ.