ನಿರೀಕ್ಷೆ ಮೀರಿದ ಚಿತ್ರಗಳು ಮತ್ತು ಎರಡನೆಯ ಶುಕ್ರವಾರ

"ನಾನು ಅಂದುಕೊಂಡಿದ್ದಕ್ಕಿಂತ ಎಷ್ಟೋ ಚೆನ್ನಾಗಿತ್ತು." ಸಿನಿಮಾ ನೋಡಿ ಬಂದವರು ಹೀಗೆ ಹೇಳುವುದನ್ನು ನೀವು ಕೇಳಿರುತ್ತೀರಿ. ಈ ಮಾತಿನಲ್ಲಿ ಎರಡು ಸಂಗತಿಗಳಿವೆ. ಒಂದು ಚಿತ್ರ, ಇನ್ನೊಂದು ಅದಕ್ಕೂ ಮೊದಲೇ ಮನಸ್ಸಿನಲ್ಲಿದ್ದ ಅಂದಾಜು. ಚಿತ್ರದ ಬಗ್ಗೆ ನಾವು ಬೇಕಾದಷ್ಟು ಚರ್ಚಿಸುತ್ತೇವೆ, ಆದರೆ ಅಂದಾಜು ಎಲ್ಲಿಂದ ಬಂತೆಂದು ವಿಚಾರಿಸುವುದಿಲ್ಲ. ಯಾದಗಿರಿ, ಶಹಾಪುರ, ಸುರಪುರದ ವಿದ್ಯಾರ್ಥಿಗಳು ಇದನ್ನು ವಿಚಾರಿಸುವುದು ಒಳ್ಳೆಯದು. ಏಕೆಂದರೆ ಒಂದು ಚಿತ್ರ ಈ ಊರುಗಳಿಗೆ ಯಾವಾಗ ಬರಬೇಕು, ಬಂದರೆ ಎಷ್ಟು ದಿನ ನಿಲ್ಲಬೇಕು ಎಂಬುದನ್ನು ಬಹುಕಾಲ ತೀರ್ಮಾನಿಸಿದ್ದು ಚಿತ್ರದ ಗುಣವಲ್ಲ, ಈ ಅಂದಾಜೇ.

ಚಿತ್ರೋದ್ಯಮದಲ್ಲಿ ನಿರೀಕ್ಷೆಯೆಂದರೆ ಬರೀ ಭಾವನೆಯಲ್ಲ, ಅದೊಂದು ಬೆಲೆ. ನಿರ್ಮಾಪಕನು ಚಿತ್ರವನ್ನು ಪ್ರದೇಶವಾರು ವಿತರಕರಿಗೆ ಕೊಡುತ್ತಾನೆ. ಅಂತಹ ಪ್ರದೇಶಗಳಲ್ಲಿ ಹೈದರಾಬಾದ್ ಕರ್ನಾಟಕವೂ ಒಂದು. 2019ರಲ್ಲಿ ಕಲ್ಯಾಣ ಕರ್ನಾಟಕವೆಂದು ಹೆಸರಾದ ಭಾಗವಿದು. ಇಲ್ಲಿನ ಚಿತ್ರಮಂದಿರಗಳಲ್ಲಿ ತೆಲುಗು, ಹಿಂದಿ ಚಿತ್ರಗಳೂ ಕನ್ನಡಕ್ಕೆ ಪೈಪೋಟಿ ಕೊಡುತ್ತವೆ. ನಾಯಕ ಯಾರು, ಹಾಡು ಎಷ್ಟು, ಹಿಂದಿನ ಚಿತ್ರ ಓಡಿತೇ ಎಂದು ಕೇಳಿ, ಚಿತ್ರವನ್ನು ಯಾರೂ ನೋಡುವ ಮೊದಲೇ ಬೆಲೆ ಕಟ್ಟಬೇಕಾಗುತ್ತದೆ. ಫಿಲ್ಮಿನ ಕಾಲದಲ್ಲಿ ಈ ಬೆಲೆಗೆ ಇನ್ನೊಂದು ಪರಿಣಾಮವಿತ್ತು. ಒಂದು ಚಿತ್ರವೆಂದರೆ ಹದಿನಾಲ್ಕು, ಹದಿನಾರು ರೀಲುಗಳ ಡಬ್ಬಿಗಳು. ಪ್ರತಿಯೊಂದು ಪ್ರಿಂಟಿಗೂ ದುಡ್ಡು ಬೇಕು. ನಿರೀಕ್ಷೆ ಕಡಿಮೆಯಿದ್ದರೆ ಪ್ರಿಂಟೂ ಕಡಿಮೆ. ಮೊದಲು ಬೆಂಗಳೂರು, ಆಮೇಲೆ ಜಿಲ್ಲಾ ಕೇಂದ್ರ, ಕಡೆಗೆ ತಾಲ್ಲೂಕು ಎಂಬ ಕ್ರಮದಲ್ಲಿ ಅದೇ ಡಬ್ಬಿಗಳು ತಿರುಗುತ್ತಿದ್ದವು. ಸುರಪುರದ ತೆರೆಗೆ ಬರುವಷ್ಟರಲ್ಲಿ ಫಿಲ್ಮಿನ ಮೇಲೆ ಗೆರೆಗಳು ಬಿದ್ದಿರುತ್ತಿದ್ದವು.

ಈ ಲೆಕ್ಕಾಚಾರದ ಎದುರು 'ಸಂಸ್ಕಾರ' ಚಿತ್ರವನ್ನು ಇಟ್ಟು ನೋಡೋಣ. ಯು. ಆರ್. ಅನಂತಮೂರ್ತಿಯವರ 1965ರ ಕಾದಂಬರಿ ಅದಕ್ಕೆ ಆಧಾರ. ಅಗ್ರಹಾರದಲ್ಲಿ ಒಬ್ಬ ಸತ್ತಿದ್ದಾನೆ, ಅವನ ಶವಸಂಸ್ಕಾರವನ್ನು ಯಾರು ಮಾಡಬೇಕು ಎಂಬುದೇ ಕಥೆ. ಇದನ್ನು ಕೇಳಿ ಯಾವ ವಿತರಕ ಮುಂಗಡ ಕೊಟ್ಟಾನು? ನಿರ್ದೇಶಕ ಪಟ್ಟಾಭಿರಾಮ ರೆಡ್ಡಿಯವರು ತೆಲುಗಿನ ಕವಿ. ಚಿತ್ರಕಥೆ ಬರೆದು ಪ್ರಾಣೇಶಾಚಾರ್ಯನ ಪಾತ್ರ ಮಾಡಿದ ಗಿರೀಶ ಕಾರ್ನಾಡರಿಗೆ ಇದು ಮೊದಲ ಚಿತ್ರ. ನಾರಣಪ್ಪನಾದ ಪಿ. ಲಂಕೇಶ್, ಚಂದ್ರಿಯಾದ ಸ್ನೇಹಲತಾ ರೆಡ್ಡಿ ಇವರಾರೂ ಪೋಸ್ಟರಿನಿಂದ ಜನ ಸೇರಿಸುವ ತಾರೆಯರಲ್ಲ. ಛಾಯಾಗ್ರಾಹಕ ಟಾಮ್ ಕೋವನ್ ಆಸ್ಟ್ರೇಲಿಯಾದವರು. ಚಿತ್ರ ಕಪ್ಪು-ಬಿಳುಪು, ಕುಣಿತದ ಹಾಡುಗಳಿಲ್ಲ. ಸಂಗೀತ ಮಾತ್ರ ಸರೋದ್ ವಾದಕ ರಾಜೀವ ತಾರಾನಾಥರದು. ನಿಮ್ಮ ನೆರೆಯ ರಾಯಚೂರಿನಲ್ಲಿ ಹಮ್‌ದರ್ದ್ ಶಾಲೆ ಕಟ್ಟಿದ ಪಂಡಿತ ತಾರಾನಾಥರ ಮಗ ಅವರು. ಆ ಮಟ್ಟಿಗೆ 'ಸಂಸ್ಕಾರ' ನಿಮಗೆ ದೂರದ ಚಿತ್ರವೇನಲ್ಲ.

ಇಷ್ಟು ಸಾಲದೆಂಬಂತೆ ಮದ್ರಾಸಿನ ಸೆನ್ಸಾರ್ ಮಂಡಳಿ ಪ್ರಮಾಣಪತ್ರವನ್ನೇ ನಿರಾಕರಿಸಿತು. ಹೋರಾಟದ ನಂತರ ಮೇಲಿನ ಹಂತದಲ್ಲಿ ಅನುಮತಿ ಸಿಕ್ಕಿತು. 1970ರ ಸಾಲಿನ ಅತ್ಯುತ್ತಮ ಕಥಾಚಿತ್ರಕ್ಕೆ ಕೊಡುವ ರಾಷ್ಟ್ರಪ್ರಶಸ್ತಿ ಅದೇ ಚಿತ್ರಕ್ಕೆ ಬಂದಿತು. ಕನ್ನಡಕ್ಕೆ ಆ ಗೌರವ ದೊರೆತದ್ದು ಅದೇ ಮೊದಲು. ಮುಂದೆ 'ಚೋಮನ ದುಡಿ', 'ಘಟಶ್ರಾದ್ಧ', 'ತಬರನ ಕಥೆ', 'ತಾಯಿ ಸಾಹೇಬ', 'ದ್ವೀಪ' ಇದೇ ಪ್ರಶಸ್ತಿ ಪಡೆದವು. ಬೆಲೆ ಕಟ್ಟುವವರು ಕೇಳದೆ ಬಿಟ್ಟ ಪ್ರಶ್ನೆ ಒಂದೇ: ಕಥೆ ಹೇಳುವವರಿಗೆ ಆ ಕಥೆಯ ಮೇಲೆ ನಂಬಿಕೆ ಇದೆಯೇ?

ಆದರೆ ಪ್ರಶಸ್ತಿ ಬಂದ ಮಾತ್ರಕ್ಕೆ ಚಿತ್ರ ತಾಲ್ಲೂಕಿಗೆ ಬರುವುದಿಲ್ಲ. ಇಂತಹ ಚಿತ್ರಗಳನ್ನು ಸಣ್ಣ ಊರುಗಳಿಗೆ ತಲುಪಿಸಿದ್ದರಲ್ಲಿ ದೂರದರ್ಶನದ ಪಾಲು ದೊಡ್ಡದು. 1980ರ ದಶಕದಲ್ಲಿ ಭಾನುವಾರ ಮಧ್ಯಾಹ್ನ ಪ್ರಾದೇಶಿಕ ಭಾಷೆಗಳ ಪ್ರಶಸ್ತಿ ವಿಜೇತ ಚಿತ್ರಗಳು ಪ್ರಸಾರವಾಗುತ್ತಿದ್ದವು. ಇಲ್ಲಿ ಒಂದು ಸ್ವಾರಸ್ಯದ ಮಾತು ಹೇಳಬೇಕು. ಈ ಸೀಮೆಗೆ ಟೆಲಿವಿಷನ್ ಬೆಂಗಳೂರಿಗಿಂತ ಮೊದಲೇ ಬಂದಿತ್ತು. 1975ರ ಆಗಸ್ಟ್‌ನಿಂದ ಒಂದು ವರ್ಷ ನಡೆದ 'ಸೈಟ್' ಉಪಗ್ರಹ ಪ್ರಯೋಗದಲ್ಲಿ ಕರ್ನಾಟಕದಿಂದ ಆರಿಸಿದ್ದು ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳನ್ನು. ಯಾದಗಿರಿ, ಶಹಾಪುರ, ಸುರಪುರ ಆಗ ಗುಲ್ಬರ್ಗ ಜಿಲ್ಲೆಯ ತಾಲ್ಲೂಕುಗಳು.

ಇನ್ನು ಜನಪ್ರಿಯ ಚಿತ್ರದ ಉದಾಹರಣೆ. 2006ರ ಡಿಸೆಂಬರ್ ಕೊನೆಯಲ್ಲಿ 'ಮುಂಗಾರು ಮಳೆ' ತೆರೆಗೆ ಬಂದಾಗ ನಿರ್ದೇಶಕ ಯೋಗರಾಜ ಭಟ್ಟರ ಹಿಂದಿನ ಎರಡು ಚಿತ್ರಗಳು ಗಲ್ಲಾಪೆಟ್ಟಿಗೆಯಲ್ಲಿ ಸೋತಿದ್ದವು. ನಾಯಕ ಗಣೇಶ್ ಅವರನ್ನು ಜನ ಬಲ್ಲದ್ದು ಹೆಚ್ಚಾಗಿ ಟಿವಿಯ 'ಕಾಮಿಡಿ ಟೈಮ್' ಕಾರ್ಯಕ್ರಮದಿಂದ. ನಾಯಕನಿಗೆ ನಾಯಕಿ ಸಿಗುವುದಿಲ್ಲ, ಜೊತೆಗೊಂದು ಮೊಲ, ಉದ್ದಕ್ಕೂ ಮಳೆ. ಅದೇ ಚಿತ್ರ ಬೆಂಗಳೂರಿನ ಮಲ್ಟಿಪ್ಲೆಕ್ಸಿನಲ್ಲಿ ಒಂದು ವರ್ಷಕ್ಕೂ ಹೆಚ್ಚು ಕಾಲ ನಡೆಯಿತು. ಜಯಂತ ಕಾಯ್ಕಿಣಿಯವರ ಸಾಹಿತ್ಯ, ಮನೋಮೂರ್ತಿಯವರ ಸಂಗೀತ, ಎಸ್. ಕೃಷ್ಣ ಅವರ ಕ್ಯಾಮೆರಾ ಎಲ್ಲವೂ ಅದಕ್ಕೆ ಕಾರಣ. ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಆ ನಾಯಕನ ಮಾತು. ಅವನು ಭಾಷಣ ಮಾಡುವುದಿಲ್ಲ, ಕಾಲೇಜಿನ ಹುಡುಗನಂತೆ ಹರಟುತ್ತಾನೆ. (ಭೀಮಾ ತೀರದ ಬಿಸಿಲಿನಲ್ಲಿ ಕುಳಿತು ಮಲೆನಾಡಿನ ಮಳೆ ನೋಡುವ ಸುಖ ಬೇರೆಯೇ!)

ಇಂತಹ ಚಿತ್ರ ಓಡುವುದು ಹೇಗೆಂದು ತಿಳಿಯಲು ಒಂದು ಕಲ್ಪಿತ ಲೆಕ್ಕ ಮಾಡೋಣ. ಒಂದು ಊರಿನಲ್ಲಿ ದೊಡ್ಡ ತಾರೆಯ ಚಿತ್ರವನ್ನು ಮೊದಲ ವಾರ 6000 ಜನ ನೋಡಿದರು. ಮೆಚ್ಚಿದವರು ಕಡಿಮೆ, ಆದ್ದರಿಂದ ಮೂವರು ನೋಡಿದರೆ ಒಬ್ಬ ಹೊಸಬ ಬರುತ್ತಾನೆ. ಎರಡನೆಯ ವಾರ 2000, ಮೂರನೆಯ ವಾರ ಸುಮಾರು 670, ನಾಲ್ಕನೆಯ ವಾರ ಸುಮಾರು 220. ಇನ್ನೊಂದು, ಹೆಸರಿಲ್ಲದವರ ಚಿತ್ರ. ಮೊದಲ ವಾರ 300 ಜನ ಮಾತ್ರ, ಆದರೆ ನೋಡಿದ ಒಬ್ಬೊಬ್ಬನೂ ಇಬ್ಬರನ್ನು ಕಳಿಸುತ್ತಾನೆ. ಎರಡನೆಯ ವಾರ 600, ಮೂರನೆಯದು 1200, ನಾಲ್ಕನೆಯದು 2400. ಸ್ವಲ್ಪ ತಾಳಿ, ಕೂಡಿಸಿ ನೋಡಿ. ನಾಲ್ಕು ವಾರ ಕಳೆದರೂ ಒಟ್ಟು ಲೆಕ್ಕದಲ್ಲಿ ದೊಡ್ಡ ಚಿತ್ರವೇ ಮುಂದೆ, 8900ರ ಹತ್ತಿರ. ಚಿಕ್ಕದು 4500. ಐದನೆಯ ವಾರದಲ್ಲಿ 4800 ಜನ ಬಂದಾಗಷ್ಟೇ ಚಿಕ್ಕ ಚಿತ್ರ ಅದನ್ನು ದಾಟುತ್ತದೆ. ಊರಿನ ಜನಸಂಖ್ಯೆಗೆ ಮಿತಿಯಿರುವುದರಿಂದ ಈ ದ್ವಿಗುಣ ಎಲ್ಲಿಯೋ ನಿಲ್ಲಲೇಬೇಕು, ಅದು ಬೇರೆ ಮಾತು.

ಚಿತ್ರಮಂದಿರದ ಮಾಲೀಕ ಮೊದಲ ವಾರದ 300 ಜನರನ್ನು ನೋಡಿ ಎರಡನೆಯ ಶುಕ್ರವಾರ ಚಿತ್ರ ಬದಲಿಸಿದರೆ ಅವನನ್ನು ಮೂರ್ಖನೆನ್ನುವಂತಿಲ್ಲ. ವಿದ್ಯುತ್ ಬಿಲ್ಲು, ನೌಕರರ ಸಂಬಳ ಐದನೆಯ ವಾರದವರೆಗೆ ಕಾಯುವುದಿಲ್ಲ. ಆದರೆ ಅಲ್ಲಿಗೆ ಸರಪಳಿ ಕಡಿದುಹೋಯಿತು. ಚೆನ್ನಾಗಿದೆಯಂತೆ ಎಂಬ ಸುದ್ದಿ ಊರಿಗೆ ಹಬ್ಬುವ ಹೊತ್ತಿಗೆ ಗೋಡೆಯ ಮೇಲೆ ಬೇರೆ ಪೋಸ್ಟರ್ ಇರುತ್ತದೆ. ನಿರೀಕ್ಷೆ ಮೀರಿದ ಚಿತ್ರಗಳೆಂದು ನಾವು ಎಣಿಸುವುದು ಈ ಶುಕ್ರವಾರವನ್ನು ದಾಟಿ ಉಳಿದವುಗಳನ್ನು ಮಾತ್ರ. ಕಡಿಮೆ ಖರ್ಚಿನ ಚಿತ್ರಗಳೆಲ್ಲ ಒಳ್ಳೆಯವೆಂದು ಇದರಿಂದ ತಿಳಿಯಬಾರದು. ಅವುಗಳಲ್ಲಿ ಕೆಟ್ಟವೂ ಬಹಳ.

ಬೆಲೆ ಕಟ್ಟುವ ಕೆಲಸವನ್ನು ಪ್ರೇಕ್ಷಕರ ಕೈಗೇ ಕೊಟ್ಟವರೂ ಇದ್ದಾರೆ. 2013ರ 'ಲೂಸಿಯಾ' ಚಿತ್ರಕ್ಕೆ ನಿರ್ದೇಶಕ ಪವನ್ ಕುಮಾರ್ ನೂರಕ್ಕೂ ಹೆಚ್ಚು ಜನರಿಂದ ಹಣ ಸಂಗ್ರಹಿಸಿದರು. ಚಿತ್ರ ಇನ್ನೂ ಹುಟ್ಟುವ ಮೊದಲೇ ಟಿಕೆಟ್ ಕೊಂಡಂತೆ ಅದು. ಮಂಡ್ಯ ಜಿಲ್ಲೆಯ ನೊದೆಕೊಪ್ಪಲು ಗ್ರಾಮದಲ್ಲಿ, ನಟನೆಯ ಅನುಭವವೇ ಇಲ್ಲದ ಹಳ್ಳಿಯವರನ್ನಿಟ್ಟು ರಾಮ್ ರೆಡ್ಡಿ ಮತ್ತು ಈರೇಗೌಡ ಮಾಡಿದ 'ತಿಥಿ' 2015ರಲ್ಲಿ ಸ್ವಿಟ್ಜರ್ಲೆಂಡಿನ ಲೊಕಾರ್ನೊ ಉತ್ಸವದಲ್ಲಿ ಬಹುಮಾನ ಪಡೆದು ಆಮೇಲೆ ಕರ್ನಾಟಕದ ತೆರೆಗೆ ಬಂತು. ಅಲ್ಲಿಯೂ ಕಥೆ ತೆರೆದುಕೊಳ್ಳುವುದು ಒಂದು ಸಾವಿನಿಂದಲೇ ಎಂಬುದನ್ನು ಗಮನಿಸಿ.

ಈಗ ಪ್ರಿಂಟು, ರೀಲುಗಳಿಲ್ಲ. ಡಿಜಿಟಲ್ ವ್ಯವಸ್ಥೆಯಲ್ಲಿ ಬೆಂಗಳೂರಿನ ದಿನವೇ ಶಹಾಪುರದಲ್ಲೂ ಚಿತ್ರ ತೆರೆಕಾಣಬಹುದು. ಹಳೆಯ ಲೆಕ್ಕ ಮಾತ್ರ ರೂಪ ಬದಲಿಸಿ ಉಳಿದಿದೆ. ದಿನಕ್ಕೆ ಎಷ್ಟು ಪ್ರದರ್ಶನ, ಬೆಳಗಿನದೋ ಸಂಜೆಯದೋ ಎಂಬುದರಲ್ಲಿ ಅದು ಕಾಣುತ್ತದೆ. 2022ರ ಸೆಪ್ಟೆಂಬರ್ 30ರಂದು 'ಕಾಂತಾರ' ಬಿಡುಗಡೆಯಾದದ್ದು ಕನ್ನಡದಲ್ಲಿ ಮಾತ್ರ. ಕರಾವಳಿಯ ಭೂತಕೋಲದ ಕಥೆಯನ್ನು ಹೊರಗಿನವರು ಇಷ್ಟು ಬೇಗ ಕೇಳುತ್ತಾರೆಂಬ ಅಂದಾಜು ಇರಲಿಲ್ಲ. ನೋಡಿದವರ ಮಾತು ಹಬ್ಬಿ, ಹದಿನೈದು ದಿನಗಳೊಳಗೆ ಹಿಂದಿ, ತೆಲುಗು ಆವೃತ್ತಿಗಳು ಸಿದ್ಧವಾಗಿ ಹೊರಬಂದವು. ತೆಲುಗು ಚಿತ್ರ ಕನ್ನಡ ಊರಿಗೆ ಬರುವುದನ್ನೇ ಕಂಡಿದ್ದ ಗಡಿಸೀಮೆಯಲ್ಲಿ ಆ ಅಕ್ಟೋಬರ್ ತಿಂಗಳು ದಾರಿ ಎದುರು ದಿಕ್ಕಿಗೆ ತೆರೆದಿತ್ತು.