ರಸ್ತೆಯ ಅಪಾಯವೂ ಮನುಷ್ಯಸ್ವಭಾವವೂ

ರಸ್ತೆಯನ್ನು ಅಗಲಿಸಿ, ವಾಹನಕ್ಕೆ ಉತ್ತಮವಾದ ಬ್ರೇಕನ್ನು ಜೋಡಿಸಿದರೆ ಅಪಘಾತಗಳು ತಾವಾಗಿಯೇ ತಗ್ಗುವುವೆಂಬುದು ಸಾಮಾನ್ಯವಾದ ನಂಬಿಕೆ. ಇದು ಅರ್ಧಸತ್ಯವೆಂದೇ ಹೇಳಬೇಕು. ಯಂತ್ರವು ಸುಧಾರಿಸಿದೊಡನೆ ಅದನ್ನು ನಡೆಸುವವನ ನಡತೆಯೂ ಬದಲಾಗುವುದಷ್ಟೆ. ಅಮೆರಿಕದ ಗಿಬ್ಸನ್ ಮತ್ತು ಕ್ರುಕ್ಸ್ ಎಂಬ ವಿದ್ವಾಂಸರು 1938ನೆಯ ಇಸವಿಯಲ್ಲಿಯೇ ಇದನ್ನು ಗುರುತಿಸಿ, ಬ್ರೇಕು ಬಲವಾದಂತೆ ಚಾಲಕನು ತಾನು ಬಿಟ್ಟುಕೊಳ್ಳುವ ಅಂತರವನ್ನೂ ಕಿರಿದುಮಾಡಿಕೊಳ್ಳುವನೆಂದು ಬರೆದರು.

ಕೆನಡಾ ದೇಶದ ಮನಶ್ಶಾಸ್ತ್ರಜ್ಞ ಜೆರಾಲ್ಡ್ ವೈಲ್ಡ್ ಅವರು 1982ರಲ್ಲಿ ಈ ವಿಚಾರವನ್ನು ಮತ್ತಷ್ಟು ಮುಂದಕ್ಕೊಯ್ದರು. ಪ್ರತಿಯೊಬ್ಬನ ಮನಸ್ಸಿನಲ್ಲಿಯೂ ತಾನು ಒಪ್ಪಬಲ್ಲ ಅಪಾಯದ ಒಂದು ಅಳತೆಯುಂಟು. ಅಪಾಯವು ಅದಕ್ಕಿಂತ ಹೆಚ್ಚಾಗಿ ಕಂಡರೆ ಅವನು ಎಚ್ಚರಗೊಳ್ಳುವನು, ಕಡಮೆಯಾಗಿ ಕಂಡರೆ ವೇಗವನ್ನು ಏರಿಸುವನು. 1967ನೆಯ ಇಸವಿ ಸೆಪ್ಟೆಂಬರು 3ನೆಯ ತಾರೀಖು ಸ್ವೀಡನ್ ದೇಶದಲ್ಲಿ ವಾಹನಗಳ ಸಂಚಾರವು ರಸ್ತೆಯ ಎಡಗಡೆಯಿಂದ ಬಲಗಡೆಗೆ ಬದಲಾಯಿತು. ಅನರ್ಥಪರಂಪರೆಯೇ ಸಂಭವಿಸುವುದೆಂದು ಹೆದರುವುದು ಸಹಜವಾಗಿತ್ತು. ಆದರೆ ಮರುದಿನ ಸೋಮವಾರ ವರದಿಯಾದ ಅಪಘಾತಗಳು 125. ಹಿಂದಿನ ಸೋಮವಾರಗಳಲ್ಲಿ ಅವು 130ರಿಂದ 198ರವರೆಗೆ ಇದ್ದುವು. ಹೊಸತನದ ಭಯವೇ ಜನರನ್ನು ಕಾಪಾಡಿತು. ಎರಡು ವರ್ಷಗಳೊಳಗೆ ಭಯವು ಅಳಿಯಿತು. ಅಪಘಾತಗಳ ಪ್ರಮಾಣವು ಮೊದಲಿನ ಮಟ್ಟಕ್ಕೇ ಮರಳಿತು.

ಜರ್ಮನಿಯ ಮ್ಯೂನಿಚ್ ನಗರದಲ್ಲಿ 1980ರ ದಶಕದಲ್ಲಿ ನಡೆದ ಪರೀಕ್ಷೆಯು ಇದಕ್ಕಿಂತಲೂ ಬೋಧಪ್ರದವಾದುದು. ಒಂದೇ ಸಂಸ್ಥೆಯ ಕೆಲವು ಟ್ಯಾಕ್ಸಿಗಳಿಗೆ ಚಕ್ರವು ಜಾರದಂತೆ ತಡೆಯುವ ಹೊಸ ಬ್ರೇಕನ್ನು ಅಳವಡಿಸಿ, ಉಳಿದುವಕ್ಕೆ ಹಳೆಯ ಬ್ರೇಕನ್ನೇ ಉಳಿಸಿ, ಮೂರು ವರ್ಷಗಳ ಲೆಕ್ಕವನ್ನು ಇಡಲಾಯಿತು. ಅಪಘಾತಗಳಲ್ಲಿ ಹೇಳಿಕೊಳ್ಳುವಂತಹ ವ್ಯತ್ಯಾಸವೇನೂ ಕಾಣಲಿಲ್ಲ. ಹೊಸ ಬ್ರೇಕು ದೊರೆತವರು ತಿರುವುಗಳಲ್ಲಿ ಹೆಚ್ಚು ಸಾಹಸಕ್ಕೆ ಇಳಿದಿದ್ದರು. ಮುಂದೆ ವಾಹನದ ದುರಸ್ತಿಯ ವೆಚ್ಚದಲ್ಲಿ ಒಂದು ಪಾಲನ್ನು ಚಾಲಕರ ಮೇಲೆ ಹೊರಿಸಿದಾಗ ಅಪಘಾತಗಳು ಇಳಿದುವು. ಯಂತ್ರದಿಂದ ಆಗದುದು ಹೊಣೆಗಾರಿಕೆಯಿಂದ ಆಯಿತು.

ಹಾಗೆಂದು ಸುರಕ್ಷತೆಯ ಸಾಧನಗಳೆಲ್ಲ ನಿಷ್ಪ್ರಯೋಜಕವೆನ್ನುವುದು ದುಡುಕು. ವೈಲ್ಡ್ ಅವರ ಸಿದ್ಧಾಂತವನ್ನು ಅನೇಕ ಪಂಡಿತರು ಪೂರ್ಣವಾಗಿ ಒಪ್ಪಿಲ್ಲ. ಸೀಟುಪಟ್ಟಿಯೂ ಶಿರಸ್ತ್ರಾಣವೂ ಅಸಂಖ್ಯ ಪ್ರಾಣಗಳನ್ನು ಉಳಿಸಿವೆ. ಫಿನ್ಲೆಂಡಿನ ನಾತಾನೆನ್ ಮತ್ತು ಸುಮಾಲಾ ಅವರು 1970ರ ದಶಕದಲ್ಲಿ ಬೇರೊಂದು ವಾದವನ್ನು ಮುಂದಿಟ್ಟರು. ಚಾಲಕನು ಅಪಾಯವನ್ನು ಅಳೆಯುತ್ತ ಕುಳಿತಿರುವುದಿಲ್ಲ. ಬಹುಪಾಲು ಹೊತ್ತು ಅವನಿಗೆ ಅಪಾಯದ ಅರಿವೇ ಇರುವುದಿಲ್ಲ. ನೂರು ಸಲ ಅತಿವೇಗದಿಂದ ಓಡಿಸಿ ಏನೂ ಆಗದಿದ್ದರೆ, ಆ ನೂರು ಸಲದ ಅನುಭವವೇ ಅವನಿಗೆ ತಪ್ಪು ಪಾಠವನ್ನು ಕಲಿಸುವುದು.

ಈ ಎರಡು ವಾದಗಳಲ್ಲಿ ಯಾವುದನ್ನು ಹಿಡಿದರೂ ಆಡಳಿತಗಾರರಿಗೆ ದೊರೆಯುವ ಉಪದೇಶ ಒಂದೇ. ಅಗಲವಾದ ರಸ್ತೆಯನ್ನು ಮಾಡಿಕೊಟ್ಟು ಕೈತೊಳೆದುಕೊಳ್ಳುವುದು ಸಲ್ಲದು. ಆ ಅಗಲವು ವೇಗವಾಗಿ ಪರಿಣಮಿಸದಂತೆಯೂ ನೋಡಿಕೊಳ್ಳಬೇಕು. ಚಾಲಕನ ಧೈರ್ಯಕ್ಕೆ ಬೆಲೆ ತೆರುವವನು ಅನೇಕ ವೇಳೆ ಚಾಲಕನಲ್ಲ, ಬರಿಗಾಲಿನಲ್ಲಿ ರಸ್ತೆ ದಾಟುವ ಪಾದಚಾರಿ. ಅವನಿಗೆ ಸೀಟುಪಟ್ಟಿಯೂ ಇಲ್ಲ, ಬ್ರೇಕೂ ಇಲ್ಲ.